ಅತ್ತೆಯ ಮುಖಕ್ಕೆ ಡ್ರೈ ವಾಶ್

"ನನ್ನ ಮುಖ ಯಾವ ಬಟ್ಟೆ ಹೇಳೇ?" ಎಂದು ನಮ್ಮತ್ತೆ ಕೇಳಿದಾಗ ನಾನು ಕೌಂಟರಿನಲ್ಲಿ ನಿಂತು ಯಾರದೋ ಪ್ಯಾಂಟಿನ ಜೇಬು ತಡಕುತ್ತಿದ್ದೆ. ಒಂದು ಬಸ್ ಟಿಕೆಟ್ಟು, ಒಂದು ಗುಂಡಿ, ಅರ್ಧ ಚೀಪಿದ ಪೆಪ್ಪರಮಿಂಟು ಸಿಕ್ಕಿದ್ದವು. ಪೆಪ್ಪರಮಿಂಟನ್ನು ಎಸೆಯಲೋ, ಮಾಲೀಕರಿಗೆ ಮರ್ಯಾದೆಯಿಂದ ವಾಪಸು ಕೊಡಲೋ ಎಂಬ ಯೋಚನೆಯಲ್ಲಿದ್ದ ನನಗೆ ಪ್ರಶ್ನೆ ಸರಿಯಾಗಿ ಕೇಳಿಸಲಿಲ್ಲ.

"ಏನಂದೆ?"

"ಕಾಟನ್ನಾ, ಉಲ್ಲನ್ನಾ, ಟೆರಿಕಾಟಾ? ಯಾವ ಬಟ್ಟೆ ಅಂತ ತಿಳೀದೆ ಹೇಗೆ ತೊಳೀಬೇಕು ಅಂತ ಹೇಗೆ ತಿಳಿಯುತ್ತೆ?"

ಹೊರಗಿನವರಿಗೆ ಇದು ತಲೆ ಕೆಟ್ಟವರ ಮಾತು ಅನ್ನಿಸಬಹುದು. ನಮ್ಮ ಮನೆಯಲ್ಲಿ ಇದಕ್ಕಿಂತ ನೆಟ್ಟಗಿನ ಪ್ರಶ್ನೆ ಇನ್ನೊಂದಿಲ್ಲ. ನಮ್ಮದು ಬಟ್ಟೆ ಒಗೆದು, ಡ್ರೈ ವಾಶ್ ಮಾಡಿ, ಇಸ್ತ್ರಿ ಹಾಕಿ ಕೊಡುವ ಅಂಗಡಿ. ಅಜ್ಜ ಶುರು ಮಾಡಿದ್ದು. ಅಜ್ಜ ಹೋದ ಮೇಲೆ ಅತ್ತೆ, ಅಂದರೆ ನಮ್ಮಪ್ಪನ ಅಕ್ಕ, ಹೆಗಲು ಕೊಟ್ಟು ನಡೆಸಿಕೊಂಡು ಬಂದದ್ದು. ಕೆಳಗೆ ಅಂಗಡಿ, ಮೇಲೆ ಮನೆ. ಮನೆಯಲ್ಲಿ ಅಜ್ಜಿ, ಅತ್ತೆ, ನಾನು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುತ್ತಾರೆ. ನಮ್ಮ ಕಣ್ಣಿಗೆ ಕಾಣುವುದೆಲ್ಲ ಬಟ್ಟೆ. ಮಾತಿಗೆ ತಪ್ಪುವವರನ್ನು 'ಬಣ್ಣ ಬಿಡೋ ಜನ' ಅನ್ನುತ್ತೇವೆ. ಸಣ್ಣದಕ್ಕೂ ಮುನಿಸಿಕೊಳ್ಳುವವರು 'ಬಿಸಿನೀರಿಗೆ ಕುಗ್ಗೋರು'. ನನಗೊಂದು ಸಂಬಂಧ ಬಂದಾಗ ಅಜ್ಜಿ ಹುಡುಗನ ಓದು, ಕೆಲಸ ಯಾವುದನ್ನೂ ವಿಚಾರಿಸದೆ, "ಮೊದಲನೇ ಒಗೆತಕ್ಕೇ ಆಕಾರ ಕೆಡೋ ಪೈಕಿನಾ?" ಎಂದು ಕೇಳಿ, ಬಂದವರನ್ನು ಬಂದ ದಾರಿಯಲ್ಲೇ ಕಳಿಸಿದ್ದಳು.

ಅತ್ತೆಗೆ ಮದುವೆಯಾಗಿಲ್ಲ. ಐವತ್ತಕ್ಕೆ ಇನ್ನು ಸ್ವಲ್ಪವೇ ಬಾಕಿ. ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಸೀಸನ್ ಇತ್ತು, ಪುರುಸೊತ್ತಾಗಲಿಲ್ಲ" ಅನ್ನುತ್ತಾಳೆ. ಅವಳ ಜಾಗ ಅಂಗಡಿಯ ಒಳಭಾಗ, ಆವಿ ಮತ್ತು ಇಸ್ತ್ರಿಪೆಟ್ಟಿಗೆಯ ನಡುವೆ. ಗಿರಾಕಿಗಳಿಗೆ ಅವಳ ಧ್ವನಿ ಮಾತ್ರ ಪರಿಚಯ. "ಇದು ಹೋಗಲ್ಲ!" "ಇದು ನಿಮ್ಮಪ್ಪನಾಣೆಗೂ ಇಂಕಲ್ಲ, ಸುಳ್ಳು ಹೇಳಬೇಡಿ!" ಎಂದು ಒಳಗಿನಿಂದ ಕೂಗುತ್ತಾಳೆ, ಹೊರಗೆ ನಿಂತವರು ಪೆಚ್ಚಾಗುತ್ತಾರೆ. ಬೇರೆಯವರ ಬಟ್ಟೆಗೆ ಅಷ್ಟೆಲ್ಲ ಜೋಪಾನ ಮಾಡುವ ನಮ್ಮತ್ತೆ ತನ್ನ ಮುಖವನ್ನು ಇಷ್ಟು ವರ್ಷ ತೊಳೆದದ್ದು ಕಾಲರ್ ಉಜ್ಜುವ ಹಳದಿ ಸೋಪಿನಲ್ಲಿ. ನೀರು ಬಾಯ್ಲರಿನದು, ಕುದಿಯುವುದೊಂದು ಬಾಕಿ. ಒರೆಸುವುದು ಇಸ್ತ್ರಿ ಮೇಜಿನ ಟವೆಲ್ಲಿನಲ್ಲಿ. ಕೆನ್ನೆ ಎರಡೂ ಕೆಂಪು, ಮೂಗಿನ ಪಕ್ಕದಲ್ಲಿ ಸುಣ್ಣ ಎದ್ದ ಹಾಗೆ ಸಿಪ್ಪೆ. ಆದರೂ ಆ ಮುಖದ ಬಗ್ಗೆ ಅವಳು ಯಾವತ್ತೂ ತಲೆ ಕೆಡಿಸಿಕೊಂಡವಳಲ್ಲ.

ಈಗ ಕೆಡಿಸಿಕೊಂಡಿದ್ದಳು. ಕಾರಣ ತುತ್ತೂರಿಯವರು.

ತುತ್ತೂರಿಯವರು ಅಂದರೆ ಬ್ಯಾಂಡಿನಲ್ಲಿ ತುತ್ತೂರಿ ಊದುವವರು. ಊರಿಗೆಲ್ಲ ತುತ್ತೂರಿ ಊದಿದರೂ ತಮ್ಮ ತುತ್ತೂರಿ ತಾವು ಊದಿಕೊಳ್ಳದ ಸೌಮ್ಯ ಮನುಷ್ಯ. ಪ್ರತಿ ವಾರ ಬ್ಯಾಂಡಿನ ಬಿಳಿ ಕೋಟು ತಂದುಕೊಡುತ್ತಾರೆ. ಅತ್ತೆ ಅವರ ಮುಖ ನೋಡುವುದಕ್ಕೆ ಮೊದಲೇ ಅವರ ಕೋಟನ್ನು ಓದಿ ಮುಗಿಸಿದ್ದಳು. ಎಡ ತೋಳಿನ ತುದಿಯಲ್ಲಿ ಟೀ ಕಲೆ: ಎಡಗೈ ಮನುಷ್ಯ. ಬಿಳಿ ಕೋಟಿನ ಗುಂಡಿಗೆ ಹಸಿರು ದಾರ: ಹೊಲಿದುಕೊಡುವವರು ಮನೆಯಲ್ಲಿ ಯಾರೂ ಇಲ್ಲ. ಜೇಬಿನಲ್ಲಿ ಬಿಸ್ಕತ್ತಿನ ಪುಡಿ, ಹೊಟ್ಟೆಯ ಮೇಲೆ ನಾಯಿಯ ಮುಂಗಾಲಿನ ಅಚ್ಚು: ಬೀದಿನಾಯಿಗಳಿಗೆ ತಿನ್ನಿಸುತ್ತಾರೆ, ಅವು ಮೈಮೇಲೆ ಹಾರಿದರೆ ಓಡಿಸುವುದಿಲ್ಲ. "ಒಳ್ಳೇ ಮನುಷ್ಯ ಕಣೇ, ಕಲೆ ನೋಡಿದ್ರೆ ಗೊತ್ತಾಗುತ್ತೆ" ಎಂದು ಅತ್ತೆ ಒಂದು ದಿನ ಹೇಳಿದ್ದಳು. ಆವತ್ತೇ ಹಸಿರು ದಾರ ಕಿತ್ತು ಬಿಳಿ ದಾರದಲ್ಲಿ ಗುಂಡಿ ಹೊಲಿದಳು. ಮುಂದಿನ ವಾರ ಅವರು ಕೌಂಟರಿನ ಮುಂದೆ ನಿಂತು, ನನ್ನ ತಲೆಯ ಮೇಲಿಂದ ಒಳಕ್ಕೆ ನೋಡುತ್ತ, "ಗುಂಡಿ ಹೊಲಿದ ಕೈಗೆ ನಮಸ್ಕಾರ" ಅಂದರು. ಒಳಗೆ ಇಸ್ತ್ರಿಪೆಟ್ಟಿಗೆಯ ಸದ್ದು ನಿಂತುಹೋಯಿತು. ಆಮೇಲೆ ಸುಟ್ಟ ವಾಸನೆ ಬಂತು. ಅತ್ತೆ ಜೀವಮಾನದಲ್ಲಿ ಬಟ್ಟೆ ಸುಟ್ಟದ್ದು ಅದೊಂದೇ ಸಲ.

ಹೀಗೇ ಕೋಟು ಒಳಗೆ ಹೋಗಿ ಹೊರಗೆ ಬಂದು, ಒಂದು ದಿನ ಅವರು ಗಂಟಲು ಸರಿಮಾಡಿಕೊಂಡು ನನ್ನ ಹತ್ತಿರ, "ಒಳಗಿರೋರು ಮುಂದಿನ ಶನಿವಾರ ಸಂಜೆ ತಿರುವಿನ ಟೀ ಅಂಗಡಿಗೆ ಬರೋದಕ್ಕಾಗುತ್ತಾ ಕೇಳಿ. ಧ್ವನಿ ಕೇಳಿದೀನಿ, ಕೆಲಸ ನೋಡಿದೀನಿ. ಮುಖ ನೋಡಿಲ್ಲ" ಎಂದು ಹೇಳಿಯೇಬಿಟ್ಟರು. ನಾನು ಕೇಳುವ ಅಗತ್ಯವೇ ಬೀಳಲಿಲ್ಲ. ಒಳಗಿನಿಂದ, "ಆಗುತ್ತೆ ಅನ್ನು!" ಎಂದು ಧ್ವನಿ ಬಂತು.

ಅತ್ತೆ ಕೇಳಿದ ಪ್ರಶ್ನೆಯ ಮೂಲ ಇದು. ಮುಖ ನೋಡುವುದಕ್ಕೆ ಒಬ್ಬರು ಬರುತ್ತಿದ್ದಾರೆ. ತೋರಿಸುವುದಕ್ಕೆ ಮುಖ ಬೇಕು.

ಮೊದಲು ನಮ್ಮ ಮನೆಯ ಪಂಡಿತರ ಸಲಹೆಗಳು ನಡೆದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಅಜ್ಜಿ ಒಂದು ಕಡೆ, ನಾನು ಒಂದು ಕಡೆ. "ಹಾಲಿನ ಕೆನೆ ಹಚ್ಚು" ಎಂದಳು ಅಜ್ಜಿ. ನಾನು ಫೋನಿನಲ್ಲಿ ಒಬ್ಬಳು ನುಣ್ಣನೆಯ ಹುಡುಗಿ ಹೇಳಿದ್ದನ್ನು ನಂಬಿ, ಸಕ್ಕರೆಗೆ ನಿಂಬೆರಸ ಹಿಂಡಿ ಉಜ್ಜಲು ಹೇಳಿದೆ. ಅತ್ತೆ ಎರಡನ್ನೂ ಮಾಡಿದಳು, ಒಂದರ ಮೇಲೊಂದು. ಹಾಲು ಒಡೆಯಿತು, ಕೆನ್ನೆ ಉರಿಯಿತು, ಇರುವೆಗಳು ದಿಂಬಿನ ತನಕ ಸಾಲು ಹಿಡಿದು ಬಂದವು.

"ನಿಮ್ಮಿಬ್ಬರನ್ನ ನಂಬಿ ಇದ್ದ ಮುಖಾನೂ ಕಳ್ಕೊಂಡೆ" ಎಂದು ಬೈದು, ಅತ್ತೆ ಮರುದಿನ ಚರ್ಮದ ಡಾಕ್ಟರ ಹತ್ತಿರ ಹೊರಟಳು.

"ಚರ್ಮದ ಡಾಕ್ಟ್ರು ಅಂದ್ರೆ ಲೆದರ್ ಜಾಕೆಟ್ಟು ನೋಡೋರಾ?" ಎಂದು ಅಜ್ಜಿ ಕೇಳಿದಳು. ನಗುವುದಕ್ಕೆ ನಮಗೆ ಹೊತ್ತಿರಲಿಲ್ಲ.

ಅಂಗಡಿ ನೋಡಿಕೊಳ್ಳಲು ನಾನು ಉಳಿದೆ, ಅತ್ತೆ ಒಬ್ಬಳೇ ಹೋದಳು. ಅದೇ ಎಡವಟ್ಟಾದದ್ದು ಅನ್ನಲೂ ಬರುವುದಿಲ್ಲ. ನಾನು ಜೊತೆಗೆ ಹೋಗಿದ್ದರೂ ಆಗುವುದು ಅದೇ ಇತ್ತು, ನಾನೂ ಇದೇ ಮನೆಯ ಕೂಸು ತಾನೇ. ವಾಪಸು ಬಂದಾಗ ಅತ್ತೆಯ ನಡಿಗೆಯಲ್ಲೇ ಗೆಲುವಿತ್ತು.

"ಗೊತ್ತಾಯ್ತು ಕಣ್ರೇ! ಇಷ್ಟು ವರ್ಷ ತಪ್ಪು ಮಾಡ್ತಿದ್ದೆ. ನನ್ನದು ಡ್ರೈ ಅಂತೆ. ತುಂಬಾ ಡ್ರೈ."

ಅಜ್ಜಿ, ನಾನು ಇಬ್ಬರೂ ಒಟ್ಟಿಗೇ, "ಹೌದಾ!" ಎಂದು ಬಾಯಿ ಬಿಟ್ಟೆವು. ನಮ್ಮ ಅಂಗಡಿಯಲ್ಲಿ ಡ್ರೈ ಎಂಬ ಪದಕ್ಕೆ ಇರುವುದು ಒಂದೇ ಅರ್ಥ. ಗಿರಾಕಿಯ ಬಟ್ಟೆ ಬಂದ ಕೂಡಲೇ ಅತ್ತೆ ಅಂಚು ಮುಟ್ಟಿ ನೋಡಿ, "ನೀರು" ಇಲ್ಲವೇ "ಡ್ರೈ" ಎಂದು ಕೂಗುತ್ತಾಳೆ. ನಾನು ಚೀಟಿ ಪಿನ್ ಮಾಡುತ್ತೇನೆ. ಡ್ರೈ ಎಂದರೆ ಒಂದು ಹನಿ ನೀರು ಸೋಕಬಾರದು. ಸೋಕಿದರೆ ಬಟ್ಟೆ ಹಾಳು, ಅಂಗಡಿಯ ಮಾನ ಹಾಳು.

"ಇನ್ನೇನಂದ್ರು?" ಎಂದೆ.

"ಬಿಸಿನೀರು ಬೇಡ ಅಂದ್ರು. ಸೋಪು ಬೇಡ ಅಂದ್ರು. ಉಜ್ಜಲೇಬಾರದು ಅಂದ್ರು. ಬಿಸಿಲಿಗೆ ಹಿಡೀಬಾರದು ಅಂದ್ರು."

ಕೇಳುತ್ತ ಕೇಳುತ್ತ ನನಗೆ ಡಾಕ್ಟರ ಮೇಲೆ ಗೌರವ ಹುಟ್ಟಿತು. ಒಳ್ಳೆಯ ರೇಷ್ಮೆ ಸೀರೆಗೆ ಅತ್ತೆ ಹೇಳುವ ಪಥ್ಯವೂ ಅಕ್ಷರಕ್ಕೆ ಅಕ್ಷರ ಇದೇ.

"ಒಂದೇ ವಿಷಯ ಹೊಂದಲಿಲ್ಲ" ಎಂದು ಅತ್ತೆ ಚೀಲದಿಂದ ಒಂದು ದಪ್ಪ ಟ್ಯೂಬು ತೆಗೆದಳು. "ಇದನ್ನ ಹಚ್ಚಬೇಕಂತೆ, ಮುಖ ತೇವ ಇಟ್ಕೊಬೇಕಂತೆ. ಡ್ರೈ ಅಂತ ತಾವೇ ಹೇಳಿ, ತೇವ ಮಾಡು ಅಂತ ತಾವೇ ಹೇಳ್ತಾರೆ! ಡ್ರೈ ವಾಶ್ ಮಾಡಿದ ಸೀರೆನ ಯಾರಾದ್ರೂ ಮತ್ತೆ ಬಕೀಟಿಗೆ ಅದ್ದುತಾರಾ? ಪಾಪ, ಓದಿರೋರು. ಬಟ್ಟೆ ಬಗ್ಗೆ ಗೊತ್ತಿರಲ್ಲ."

"ಚೀಲದಲ್ಲಿರೋ ಆ ಬಾಟ್ಲಿ?"

"ಅದು ಮುಖ ತೊಳೆಯೋದಂತೆ. ತೊಳೆದ ಮೇಲೆ ನೀರು ಹಾಕಬೇಕಂತೆ. ಇಡು ಆ ಕಡೆ."

ಟ್ಯೂಬನ್ನು ಅಜ್ಜಿ ಕೈಚಾಚಿ ತೆಗೆದುಕೊಂಡಳು. ಅಜ್ಜಿಯ ಹಿಮ್ಮಡಿ ಒಡೆದು ಬೇಸಗೆಯ ಕೆರೆಯಂತಾಗಿತ್ತು. ಅಲ್ಲಿಗೆ ಅದರ ವಿಲೇವಾರಿಯಾಯಿತು.

ಆವತ್ತೇ ಅತ್ತೆ ಡ್ರೈ ವಾಶ್ ಶುರು ಮಾಡಿದಳು. ರೇಷ್ಮೆಯ ಧೂಳು ತೆಗೆಯುವ ಮೆತ್ತನೆಯ ಬ್ರಷ್ಷಿನಿಂದ ಹಣೆಯಿಂದ ಗಲ್ಲದವರೆಗೆ ಒಂದೇ ದಿಕ್ಕಿನಲ್ಲಿ ಎಳೆದಳು. ಜಿಡ್ಡು ಹೀರುವ ಬಿಳಿ ಪುಡಿಯನ್ನು ಕೆನ್ನೆಗೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಕೊಡವಿದಳು. ಆಮೇಲೆ ನೆರಳಿನಲ್ಲಿ, ಫ್ಯಾನಿನ ಕೆಳಗೆ ಮಲಗಿದಳು, ಮುಖಕ್ಕೆ ಗಾಳಿಯಾಡಬೇಕಲ್ಲ. ಅವಳು ತನ್ನನ್ನು ತಾನು ಹ್ಯಾಂಗರಿಗೆ ತೂಗುಹಾಕಿಕೊಳ್ಳಲಿಲ್ಲ ಅನ್ನುವುದೇ ದೊಡ್ಡದು. ಬೆಳಿಗ್ಗೆ ನಾನು ಮುಖ ತೊಳೆಯುವಾಗ ಹನಿ ಸಿಡಿದರೆ, "ಏ, ದೂರ! ನಂದು ಡ್ರೈ!" ಎಂದು ಹಾರಿ ಹಿಂದೆ ಸರಿಯುತ್ತಿದ್ದಳು.

ದಿನ ಕಳೆದ ಹಾಗೆ ಮುಖ ಬಿಗಿಯುತ್ತ ಬಂತು. ಬಿಗಿದದ್ದನ್ನು ಅತ್ತೆ ಒಳ್ಳೆಯ ಲಕ್ಷಣ ಅಂದುಕೊಂಡಳು. ಗಂಜಿ ಹಿಡಿದಂತೆ ನಿಂತಿದೆ ಎಂದು ಕನ್ನಡಿಯ ಮುಂದೆ ಹಿಗ್ಗಿದಳು. ಹಿಗ್ಗಿದ್ದು ಒಳಗೆ ಮಾತ್ರ, ಯಾಕೆಂದರೆ ಆ ಹೊತ್ತಿಗೆ ನಕ್ಕರೆ ತುಟಿಯ ಪಕ್ಕ ಬಿರಿಯುತ್ತಿತ್ತು. ತುಟಿ ಅಲ್ಲಾಡಿಸದೆ ಮಾತಾಡುವುದನ್ನು ಕಲಿತಳು. ಒಳಗಿನಿಂದ ಬರುವ ಕೂಗು ನಿಂತು, ಹಲ್ಲಿನ ಸಂದಿಯಿಂದ ಸೀಟಿಯಂತೆ, "ಹೋಗಲ್ಲ… ಅದು…" ಎಂದು ಬರತೊಡಗಿತು. ಒಬ್ಬ ವಕೀಲರು ಆ ಧ್ವನಿ ಕೇಳಿ, ಒಳಗೆ ಯಾರಿಗೋ ಭಾರಿ ಸಿಟ್ಟು ಬಂದಿದೆ ಎಂದು ಹೆದರಿ, ತಿಂಗಳಿಂದ ಬಿಟ್ಟುಹೋಗಿದ್ದ ಬಟ್ಟೆಯನ್ನು ಆವತ್ತೇ ಬಿಡಿಸಿಕೊಂಡು ಹೋದರು. ಅಂಗಡಿಗೆ ಲಾಭವಾಯಿತು, ಇಲ್ಲ ಅನ್ನಲಾರೆ.

ಗುರುವಾರದ ಹೊತ್ತಿಗೆ ಅತ್ತೆಯ ಮುಖ ಅಜ್ಜಿಯ ಹಿಮ್ಮಡಿಯಂತಾಗಿತ್ತು. ಅಜ್ಜಿಯ ಹಿಮ್ಮಡಿ ಮಗುವಿನ ಕೆನ್ನೆಯಂತಾಗಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಶನಿವಾರ ಹತ್ತಿರ ಬಂದಂತೆ ಅತ್ತೆ ಸುಮ್ಮಸುಮ್ಮನೆ ಮೇಲಕ್ಕೆ ಹೋಗಿ ಕನ್ನಡಿ ನೋಡಿ ಬರುತ್ತಿದ್ದಳು, ಹೋಗುವಾಗಿನ ವೇಗ ಬರುವಾಗ ಇರುತ್ತಿರಲಿಲ್ಲ.

"ಪೂರ್ತಿ ಡ್ರೈ ವಾಶ್ ಆಗಿಲ್ಲ, ಅದಕ್ಕೇ ಹೀಗೆ" ಎಂದಳು ಶುಕ್ರವಾರ ಮಧ್ಯಾಹ್ನ. "ಬರೀ ಬ್ರಷ್ಷು, ಪುಡಿ ಸಾಲದು. ಎಣ್ಣೆ ಹಾಕದೆ ಯಂತ್ರ ತಿರುಗುತ್ತಾ? ಲಿಕ್ವಿಡ್ ಬೇಕು." ಹಾಗೆನ್ನುತ್ತ ಬೀರುವಿನಿಂದ ಕೋಟುಗಳಿಗೆ ಹಾಕುವ ಔಷಧಿಯ ಡಬ್ಬ ತೆಗೆದಳು. ಅದರ ವಾಸನೆಗೇ ಕಣ್ಣಲ್ಲಿ ನೀರು ಬರುತ್ತದೆ. ನಾವು ಗ್ಲೌಸ್ ಇಲ್ಲದೆ ಮುಟ್ಟುವುದಿಲ್ಲ.

"ಅತ್ತೆ, ಬೇಡ! ಕೈಯೇ ಸುಡುತ್ತೆ ಅದು!"

"ಒಳ ಹೊಲಿಗೇಲಿ ಪರೀಕ್ಷೆ ಮಾಡ್ತೀನಿ. ಕಿವಿ ಹಿಂದೆ ಒಂದು ತೊಟ್ಟು."

ನಾನು ಡಬ್ಬ ಕಿತ್ತುಕೊಂಡೆ. ಅವಳು ಹಿಡಿಕೆ ಹಿಡಿದಳು. ಅವಳು ಎಳೆದಳು, ನಾನು ಎಳೆದೆ. ಅಜ್ಜಿ ನುಣುಪಾದ ಹಿಮ್ಮಡಿಗಳ ಮೇಲೆ ನಿಂತು, "ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ" ಎಂದು ಗಾದೆ ಹೇಳಿದಳು. ಆಗ ಕೌಂಟರಿನ ಹತ್ತಿರ ಯಾರೋ ಕೆಮ್ಮಿದರು.

ಕೈಯಲ್ಲಿ ಬಿಳಿ ಕೋಟು ಹಿಡಿದು ಒಬ್ಬ ಹೆಂಗಸು ನಿಂತಿದ್ದರು. ಚರ್ಮದ ಡಾಕ್ಟರು. ತಪಾಸಣೆಗೆ ಹೋದಾಗಲೂ ಅತ್ತೆಯ ಕಣ್ಣು ಡಾಕ್ಟರ ಜೇಬಿನ ಇಂಕಿನ ಕಲೆಯ ಮೇಲೇ ಇತ್ತಂತೆ. ತಂದುಕೊಡಿ, ತೆಗೆದುಕೊಡುತ್ತೇನೆ ಎಂದು ಹೇಳಿ ಬಂದಿದ್ದಳಂತೆ. ಅದಕ್ಕೆ ಬಂದಿದ್ದರು. ಕೋಟು ಮುಂದೆ ಚಾಚಿದವರು ಅತ್ತೆಯ ಮುಖ ನೋಡಿ ಕೋಟನ್ನು ಹಾಗೇ ಎದೆಗೆ ಒತ್ತಿಕೊಂಡರು.

"ಅಯ್ಯೋ, ಏನಾಯ್ತು? ನಾನು ಹೇಳಿದ ಹಾಗೆ ಮಾಡ್ಲಿಲ್ವಾ?"

"ಅಕ್ಷರಶಃ ಮಾಡಿದೀನಿ" ಎಂದಳು ಅತ್ತೆ, ಹಲ್ಲಿನ ಸಂದಿಯಿಂದ. "ಒಂದು ಹನಿ ನೀರು ಸೋಕಿಸಿಲ್ಲ."

"ನೀರು ಸೋಕಿಸಿಲ್ವಾ? ವಾರ ಪೂರ್ತಿ? ಸೋಕಿಸಬೇಡಿ ಅಂತ ಯಾರು ಹೇಳಿದ್ದು?"

"ನೀವೇ. ಡ್ರೈ ಅಂದ್ರಲ್ಲ."

ಡಾಕ್ಟರು ಅತ್ತೆಯನ್ನು ನೋಡಿದರು. ಬ್ರಷ್ಷನ್ನು ನೋಡಿದರು. ಪುಡಿಯ ಡಬ್ಬಿ ನೋಡಿದರು. ನಮ್ಮಿಬ್ಬರ ಕೈಯಲ್ಲಿದ್ದ ಔಷಧಿಯ ಡಬ್ಬ ನೋಡಿದರು. ಆಮೇಲೆ ತಲೆಯೆತ್ತಿ ನಮ್ಮ ಅಂಗಡಿಯ ಬೋರ್ಡು ಓದಿದರು. ಅವರ ಬಾಯಿ ಒಂದು ಥರಾ ಸೊಟ್ಟಗಾಯಿತು. ನಗು ತಡೆದುಕೊಳ್ಳುವುದಕ್ಕೆ ಕೋಟಿನ ತೋಳನ್ನು ಬಾಯಿಗೆ ಇಟ್ಟುಕೊಂಡರು, ಅದಕ್ಕೊಂದು ಲಿಪ್‌ಸ್ಟಿಕ್ ಕಲೆಯೂ ಆಯಿತು.

"ನಾನು ಹೇಳಿದ್ದು ನಿಮ್ಮ ಚರ್ಮ ಒಣಗಿದೆ ಅಂತ. ಒಣಗಿಸಿ ಅಂತ ಅಲ್ಲ."

ನಾವು ಮೂವರೂ ಇಂಗು ತಿಂದ ಮಂಗಗಳಂತೆ ನಿಂತೆವು. ಮೂರು ತಲೆಮಾರಿನ ವ್ಯವಹಾರಜ್ಞಾನ ಒಂದು ವಾಕ್ಯಕ್ಕೆ ನೀರಿಳಿದು ಹೋಯಿತು.

ಡಾಕ್ಟರು ಒಳ್ಳೆಯವರು. ಕೌಂಟರಿನ ಮೇಲೆ ಕೋಟು ಇಟ್ಟು, ಮೊದಲಿಂದ ಹೇಳಿದರು. ಕೊಟ್ಟಿದ್ದ ಬಾಟ್ಲಿಯದು ನೊರೆ ಬರದ, ಕೆನೆಯಂಥ ಕ್ಲೆನ್ಸರ್. ಉಗುರು ಬೆಚ್ಚಗಿನ ನೀರಿನಲ್ಲಿ ಮುಖ ನೆನೆಸಿ, ಅದನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಆಡಿಸಿ, ತೊಳೆದು, ಟವೆಲ್ಲನ್ನು ಒತ್ತಿ ನೀರು ತೆಗೆಯಬೇಕು, ಉಜ್ಜಬಾರದು. ಮುಖದಲ್ಲಿ ಪಸೆ ಇರುವಾಗಲೇ ಟ್ಯೂಬಿನ ಕ್ರೀಮು ಹಚ್ಚಬೇಕು. ಅತ್ತೆಗೆ ಇನ್ನೂ ಅನುಮಾನ ಹೋಗಿರಲಿಲ್ಲ. ಕೊನೆಗೆ ನಾನು ಅನುವಾದ ಮಾಡಿದೆ: "ಅತ್ತೆ, ನಿನ್ನದು ರೇಷ್ಮೆ ಅಲ್ಲ. ಉಲ್ಲನ್ ಸ್ವೆಟರು. ಮನೇಲೇ ಒಗೆಯೋದು. ಮೆತ್ತನೆ ಸೋಪು, ಬೆಚ್ಚಗಿನ ನೀರು, ಹಿಂಡೋ ಹಾಗಿಲ್ಲ."

"ಹಾಗೆ ನೆಟ್ಟಗೆ ಹೇಳಬಾರದಿತ್ತಾ ಇವರು!" ಎಂದಳು ಅತ್ತೆ.

ಡಾಕ್ಟರು ನನ್ನನ್ನೂ ಬಿಡಲಿಲ್ಲ. ನನ್ನ ಮೂಗು, ಹಣೆ ಜಿಡ್ಡು, ಕೆನ್ನೆ ಒಣ. ಮಿಶ್ರ ಚರ್ಮವಂತೆ, ಜಿಡ್ಡಿದ್ದ ಕಡೆ ಮಾತ್ರ ತೆಳುವಾದ ಜೆಲ್ ಸಾಕಂತೆ. "ನಿಂಬೆಹಣ್ಣು ತಿನ್ನೋಕಿರೋದು" ಎಂದು ಗದರಿದರು. ಅಜ್ಜಿ ತನ್ನ ಸರದಿಗೆ ಕಾದು ನಿಂತಿದ್ದಳು. "ನಿಮಗೆ ಏನೂ ಬೇಡ ಅಜ್ಜಿ, ಹೇಗಿದೀರೋ ಹಾಗೇ ಇರಿ" ಎಂದಾಗ ಮುಖ ಚಿಕ್ಕದು ಮಾಡಿಕೊಂಡು, "ಹಿಮ್ಮಡಿನಾದ್ರೂ ನೋಡಿ" ಎಂದು ಕಾಲೆತ್ತಿದಳು. ಟ್ಯೂಬು ಎಲ್ಲಿ ಖರ್ಚಾಯಿತು ಎಂಬುದು ಡಾಕ್ಟರಿಗೆ ಆಗ ತಿಳಿಯಿತು. ಅತ್ತೆ ತನ್ನ ತಾಯಿಯ ಮುಂದೆ ಕೈಯೊಡ್ಡಿದಳು. ಅಜ್ಜಿ ಒಲ್ಲದ ಮನಸ್ಸಿನಿಂದ ಮಡಿಲಿನಿಂದ ಟ್ಯೂಬು ತೆಗೆದು ಕೊಟ್ಟಳು. ಕತ್ತರಿಯಿಂದ ಸೀಳಿದರೆ ಒಳಗೋಡೆಯಲ್ಲಿ ಒಂದು ಮುಖಕ್ಕಾಗುವಷ್ಟು ಉಳಿದಿತ್ತು.

"ನಾಳೆ ಹೊತ್ತಿಗೆ ಸರಿಹೋಗುತ್ತಾ?" ಎಂದು ಅತ್ತೆ ಕೇಳಿದಳು. ಆ ಪ್ರಶ್ನೆಯಲ್ಲಿ ಅಂಗಡಿಯ ಗತ್ತು ಒಂದಿಷ್ಟೂ ಇರಲಿಲ್ಲ.

"ನಾಳೆನಾ? ಇಲ್ಲಮ್ಮ. ಹದಿನೈದು ದಿನ ಬೇಕು. ಅವಸರ ಮಾಡಿದ್ರೆ ಇನ್ನೂ ಕೆಡುತ್ತೆ."

ಅತ್ತೆ ಒಗೆಯದ ಬಟ್ಟೆಯ ಗಂಟಿನ ಮೇಲೆ ಕುಳಿತುಬಿಟ್ಟಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರ, ದೊಣ್ಣೆ ಎರಡೂ ಅವಳೇ.

ಶನಿವಾರ ಸಂಜೆ ಅವಳು ಹೊರಡಲಿಲ್ಲ. ಬೆಳಿಗ್ಗೆ ಬೆಚ್ಚಗಿನ ನೀರಿನಲ್ಲಿ ಮುಖ ತೊಳೆದಿದ್ದಳು, ಕ್ರೀಮು ಹಚ್ಚಿದ್ದಳು. ಉರಿ ಕಮ್ಮಿಯಾಗಿತ್ತು, ಆದರೆ ಸಿಪ್ಪೆ ಸಿಪ್ಪೆಯಾಗಿ ಎದ್ದ ಕೆನ್ನೆ ಹಾಗೇ ಇತ್ತು. ಹೊಸ ಸೀರೆ ಉಟ್ಟಳು, ಬಿಚ್ಚಿಟ್ಟಳು, ಹಳೆಯದನ್ನೇ ಉಟ್ಟುಕೊಂಡು ಇಸ್ತ್ರಿಗೆ ನಿಂತಳು.

"ಟೀ ಅಂಗಡಿಗೆ ಹೋಗಿ ಹೇಳಿ ಬಾ" ಎಂದಳು, ನನ್ನ ಕಡೆ ನೋಡದೆ. "ಸೀಸನ್ನು, ಪುರುಸೊತ್ತಿಲ್ಲ ಅಂತ."

ನನಗೆ ಎಲ್ಲಿಲ್ಲದ ಕೋಪ ಬಂತು. ಕೋಪ ಅವಳ ಮೇಲೋ, ಆ ಮಾತಿನ ಮೇಲೋ ಗೊತ್ತಿಲ್ಲ. "ನಾನು ಹೋಗಲ್ಲ. ಬೇಕಾದ್ರೆ ನೀನೇ ಹೋಗಿ ಸುಳ್ಳು ಹೇಳು" ಎಂದು ಕೌಂಟರಿಗೆ ಬಂದು ಕುಳಿತೆ. ಟೀ ಅಂಗಡಿಯಲ್ಲಿ ಒಬ್ಬ ಮನುಷ್ಯ ಎರಡು ಲೋಟಗಳ ಮುಂದೆ ಕೂತಿರುತ್ತಾನೆ ಎಂಬ ಯೋಚನೆ ನಮ್ಮಿಬ್ಬರ ತಲೆಯಲ್ಲೂ ಇತ್ತು.

ಕತ್ತಲಾಗುವ ಮುಂಚೆ ತುತ್ತೂರಿಯವರು ತಾವೇ ಅಂಗಡಿಗೆ ಬಂದರು. ತಲೆ ಬಾಚಿಕೊಂಡಿದ್ದರು. ಕೋಟಿಗೆ ಗುಂಡಿ ಪೂರಾ ಹಾಕಿದ್ದರು.

"ಒಳಗಿರೋರು…?"

"ಇಲ್ಲ ಅನ್ನು!" ಎಂದು ಒಳಗಿನಿಂದ ಪಿಸುಮಾತು ಬಂತು. ಅದು ಬೀದಿಗೆಲ್ಲ ಕೇಳಿಸಿತು.

"ಇಲ್ವಂತೆ" ಎಂದೆ ನಾನು.

ಅವರು ಹೋಗಲಿಲ್ಲ. ತಲೆ ತಗ್ಗಿಸಿ ನಿಂತರು. ಅಷ್ಟರಲ್ಲಿ ಅತ್ತೆ ಏನು ಮಾಡಿದ್ದಳೆಂದರೆ, ಒಳಗೆ ಬೆಳಕು ಜಾಸ್ತಿಯಿದೆ, ಕಾಣಿಸಿಬಿಡುತ್ತೇನೆ ಎಂದು ಹೆದರಿ, ಒಗೆದ ಬಟ್ಟೆಗಳ ಸಾಲಿನಲ್ಲಿ ಒಂದು ಉದ್ದನೆಯ ಓವರ್‌ಕೋಟಿನ ಹಿಂದೆ ನಿಂತುಬಿಟ್ಟಿದ್ದಳು. ನಮ್ಮಲ್ಲಿ ಒಗೆದ ಬಟ್ಟೆಗಳು ಮೇಲಿನ ಕಂಬಿಗೆ ತೂಗುತ್ತಿರುತ್ತವೆ. ಕೌಂಟರಿನ ಕೆಳಗಿನ ಸ್ವಿಚ್ಚು ಒತ್ತಿದರೆ ಕಂಬಿ ಸುತ್ತಿಕೊಂಡು ಬೇಕಾದ ಬಟ್ಟೆಯನ್ನು ಕೌಂಟರಿಗೆ ತರುತ್ತದೆ. ಓವರ್‌ಕೋಟಿನ ಕೆಳಗೆ ಅತ್ತೆಯ ಎರಡು ಪಾದಗಳು ನನ್ನ ಕಣ್ಣಿಗೆ ಬಿದ್ದವು.

ನಾನು ಸ್ವಿಚ್ಚು ಒತ್ತಿದೆ.

ಕಂಬಿ ಗುಯ್ ಎಂದು ಹೊರಟಿತು. ಕೋಟು ಜರುಗಿತು. ಕಾಣಿಸಿಕೊಳ್ಳಬಾರದು ಎಂದು ಅತ್ತೆಯೂ ಕೋಟಿನ ಹಿಂದೆ ಅಡ್ಡಡ್ಡ ಹೆಜ್ಜೆ ಹಾಕುತ್ತ ಜರುಗಿದಳು. ಅದು ತಿರುವಿನಲ್ಲಿ ತಿರುಗಿದರೆ ಅವಳೂ ತಿರುಗಿದಳು. ಹೀಗೆ ಎರಡು ಪಾದಗಳ ಮೇಲೆ ಓವರ್‌ಕೋಟು ನಡೆದುಕೊಂಡು ಬಂದು, ತುತ್ತೂರಿಯವರ ಮೂಗಿನ ಮುಂದೆ ನಿಂತಿತು. ಅವರು ಮೆಲ್ಲಗೆ ಕೋಟನ್ನು ಬದಿಗೆ ಸರಿಸಿದರು.

ಸಿಪ್ಪೆ ಎದ್ದ, ಕೆಂಪಾದ, ನಾಚಿದ ಮುಖ. ಮುಚ್ಚಿಕೊಳ್ಳಲು ಅವಳ ಕೈಗೆ ಏನೂ ಸಿಗಲಿಲ್ಲ.

"ಏನಾಯ್ತು?" ಎಂದರು ಅವರು.

"ಡ್ರೈ ವಾಶ್ ಮಾಡ್ದೆ" ಎಂದಳು ಅತ್ತೆ. ಸುಳ್ಳು ಹೇಳಲು ಅವಳಿಗೆ ಆಗ ಬುದ್ಧಿ ಓಡಲಿಲ್ಲ. ಒಂದರ ಹಿಂದೊಂದು ಎಲ್ಲ ಹೇಳಿಬಿಟ್ಟಳು, ಬ್ರಷ್ಷು, ಪುಡಿ, ಫ್ಯಾನು, ಹಿಮ್ಮಡಿ. ಅವರು ಕೇಳಿದರು, ಕೇಳಿ ನಕ್ಕರು. ವರ್ಷಾನುಗಟ್ಟಲೆ ತುತ್ತೂರಿ ಊದಿದ ಶ್ವಾಸಕೋಶ. ಮೇಲಿನ ಹ್ಯಾಂಗರುಗಳೆಲ್ಲ ಕಿಣಿಕಿಣಿ ಅಂದವು. ಅತ್ತೆಯ ಕಣ್ಣು ತುಂಬಿತು. ಅದನ್ನು ನೋಡಿ ಅವರ ನಗು ಗಕ್ಕನೆ ನಿಂತಿತು.

"ಅಯ್ಯೋ. ನನಗೋಸ್ಕರ ಇಷ್ಟೆಲ್ಲ ಯಾಕೆ ಮಾಡ್ಕೊಂಡ್ರಿ?"

"ನಿಮಗೋಸ್ಕರ ಅಲ್ಲ" ಎಂದಳು ಅತ್ತೆ. ಒಳಗಿನಿಂದ ಕೂಗುವ ಅದೇ ಧ್ವನಿ. "ನನಗೋಸ್ಕರ. ಇಷ್ಟು ವರ್ಷದಲ್ಲಿ ನನ್ನ ಮುಖ ನೋಡ್ತೀನಿ ಅಂತ ಬಂದೋರು ನೀವೊಬ್ಬರೇ. ಆವತ್ತೊಂದು ದಿನ ಚೆನ್ನಾಗಿರಬೇಕಿತ್ತು ನಾನು."

ನಾನು ಸ್ವಿಚ್ಚಿನಿಂದ ಕೈ ತೆಗೆದೆ. ಒತ್ತಬಾರದಿತ್ತು ಅನ್ನಿಸಿತು.

ತುತ್ತೂರಿಯವರು ಸ್ವಲ್ಪ ಹೊತ್ತು ಕೌಂಟರಿನ ಮೇಲೆ ಎಡಗೈಯ ಬೆರಳಾಡಿಸಿದರು. "ಸರಿಹೋಗೋಕೆ ಎಷ್ಟು ದಿನ ಅಂತೆ?"

"ಹದಿನೈದು."

"ಹಾಗಾದ್ರೆ ಒಂದು ಮಾತು ಕೇಳ್ತೀನಿ. ಹದಿನೈದು ದಿನ ಬಿಟ್ಟು ಬರ್ಲಾ, ಇಲ್ಲ ಹದಿನೈದು ದಿನಾನೂ ಬರ್ಲಾ?"

ಅತ್ತೆ ಓವರ್‌ಕೋಟಿನ ತೋಳು ಹಿಡಿದು ನಿಂತಿದ್ದಳು. ಮೇಲಿನ ಮೆಟ್ಟಿಲಿನಿಂದ ಅಜ್ಜಿ, "ಏನಾದ್ರೂ ಅನ್ನೇ, ಕಾಲು ನೋಯುತ್ತೆ ಅವರಿಗೆ!" ಎಂದು ಕೂಗಿದಳು. ಅತ್ತೆಗೆ ನಗು ಬಂತು. ನಗಬಾರದು ಎಂದು ತುಟಿ ಬಿಗಿಹಿಡಿದಳು, ಆಗಲಿಲ್ಲ, ನಕ್ಕಳು. ನಕ್ಕರೆ ಕೆನ್ನೆ ಬಿರಿದು ನೋಯುತ್ತದೆ, ನೋವಿಗೆ "ಸ್ಸ್" ಅನ್ನುತ್ತ ಇನ್ನೂ ನಕ್ಕಳು. ಅವರು ಅದನ್ನೇ ಉತ್ತರ ಎಂದು ತೆಗೆದುಕೊಂಡು ಹೊರಟರೋ, ಬೇಡ ಎಂದು ತಿಳಿದು ಹೊರಟರೋ ನಮಗೆ ತಿಳಿಯಲಿಲ್ಲ. ಆವತ್ತು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವಷ್ಟರಲ್ಲಿ ಅವರು ಮೆಟ್ಟಿಲ ಮೇಲೆ ನಿಂತಿದ್ದರು. ನಮ್ಮ ಅಂಗಡಿಗೆ ಬರುವವರು ಎರಡೇ ಜಾತಿ, ಬಟ್ಟೆ ಕೊಡುವವರು, ಬಟ್ಟೆ ತೆಗೆದುಕೊಳ್ಳುವವರು. ಅವರ ಕೈಯಲ್ಲಿ ಬಟ್ಟೆಯೂ ಇರಲಿಲ್ಲ, ಚೀಟಿಯೂ ಇರಲಿಲ್ಲ. ಬಾಯಿಪಾಠದ ಪ್ರಕಾರ ನಾನು ಕೇಳಿದೆ.

"ಕೊಡೋಕಾ, ತಗೊಳೋಕಾ?"

"ನೋಡೋಕೆ" ಎಂದರು.

ಒಳಗೆ ನೀರಿನ ಸದ್ದು ನಿಂತಿತು. ಒದ್ದೆ ಮುಖದಲ್ಲೇ ಅತ್ತೆ ಹೊರಗೆ ಬಂದಳು.